ಕನಸು ಒಬ್ಬರದು, ಕಾಯುವವರು ಹಲವರು

ನಾವು ಕತೆ ಬರೆಯಲು ಕಲಿಯುವುದಕ್ಕೆ ಮೊದಲು ಬಾಕಿ ಕೇಳುವ ಪತ್ರ ಬರೆಯಲು ಕಲಿತೆವು. ನಮ್ಮ ಮಾಮು, ಅಂದರೆ ಅಮ್ಮನ ಅಣ್ಣ, ಸರ್ಕಾರಿ ಸ್ವಾಮ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 2001ರಲ್ಲಿ ಸ್ವಯಂ ನಿವೃತ್ತಿ ಪಡೆದು, ಪೀಣ್ಯದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು, ಹಳೆಯ ಲೇತ್ ಯಂತ್ರವೊಂದನ್ನು ತಂದು ನಿಲ್ಲಿಸಿದರು. ಉರ್ದು ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದ ಅವರಿಗೆ ಡ್ರಾಯಿಂಗ್ ಹಾಳೆ ಅರ್ಥವಾಗಲು ಯಾವ ಭಾಷೆಯೂ ಬೇಕಿರಲಿಲ್ಲ. ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನು ಮೈಕ್ರೋಮೀಟರಿನಲ್ಲಿ ಹಿಡಿಯುತ್ತಿದ್ದ ಆ ಕೈ, ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಒಂದು ಪತ್ರ ಬರೆಯಬೇಕೆಂದರೆ ನಡುಗುತ್ತಿತ್ತು. ಹಾಗಾಗಿ ಆ ಕೆಲಸ ನಮ್ಮ ಪಾಲಿಗೆ ಬಂತು. ಉರ್ದು, ಕನ್ನಡ ಎರಡನ್ನೂ ಓದಿದ್ದ ನಾವು ನಮಗೆ ಬರುತ್ತಿದ್ದ ಅರೆಬರೆ ಇಂಗ್ಲಿಷಿನಲ್ಲಿ, ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ, ಬಾಕಿ ಮೊತ್ತವನ್ನು ದಯಮಾಡಿ ಬಿಡುಗಡೆ ಮಾಡಬೇಕೆಂದು ಸವಿನಯ ಪ್ರಾರ್ಥನೆ, ಎಂಬರ್ಥದ ಸಾಲುಗಳನ್ನು ಬರೆಯುತ್ತಿದ್ದೆವು. ಕೇಳುತ್ತಿದ್ದುದು ಮಾಡಿಕೊಟ್ಟ ಕೆಲಸದ ಹಣ. ಕ್ಷಮೆ ಕೋರುತ್ತಿದ್ದವರು ಮಾತ್ರ ನಾವು.

ಇದನ್ನು ಇಷ್ಟು ವರ್ಷಗಳ ಮೇಲೆ ನೆನೆಯಲು ಕಾರಣವಿದೆ. ಈಗ ಎಲ್ಲಿ ನೋಡಿದರೂ ‘ಐಡಿಯಾ’ದ ಮಾತು. ಒಳ್ಳೆಯ ಐಡಿಯಾ ಇದ್ದರೆ ಸಾಕು, ಧೈರ್ಯವೊಂದಿದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂದು ಯುವಕರಿಗೆ ಹೇಳಿಕೊಡಲಾಗುತ್ತಿದೆ. ಉದಾಹರಣೆಗಳಿಗೂ ಬೆಂಗಳೂರಿನಲ್ಲಿ ಬರವಿಲ್ಲ. 1978ರಲ್ಲಿ ಕಿರಣ್ ಮಜುಂದಾರ್ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದೊಂದಿಗೆ ಬಯೋಕಾನ್ ಆರಂಭಿಸಿದರು. 1981ರಲ್ಲಿ ಇನ್ಫೋಸಿಸ್ ಶುರುವಾದದ್ದೂ ಹತ್ತು ಸಾವಿರ ರೂಪಾಯಿಯಲ್ಲೇ. ಎರಡೂ ಇಂದು ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಹೆಸರುಗಳು. ಈ ಕತೆಗಳು ಸುಳ್ಳಲ್ಲ, ಅವುಗಳಿಂದ ಹುರುಪು ಪಡೆಯುವುದು ತಪ್ಪೂ ಅಲ್ಲ. ಆದರೆ ಕತೆ ಬರೆಯುವವರಾದ ನಮಗೆ ಒಂದು ಅನುಮಾನ. ಯಾವ ಕತೆಯಲ್ಲಾದರೂ ಬರೆದದ್ದಕ್ಕಿಂತ ಬಿಟ್ಟದ್ದು ಹೆಚ್ಚಿರುತ್ತದೆ. ಇನ್ಫೋಸಿಸ್‌ನ ಆ ಹತ್ತು ಸಾವಿರ ಸುಧಾ ಮೂರ್ತಿಯವರು ಕೂಡಿಟ್ಟ ಉಳಿತಾಯದ ಹಣ. ಬಯೋಕಾನ್ ಶುರುವಾದಾಗ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕಿದ್ದವು. ಅಂದರೆ ಐಡಿಯಾ ಒಬ್ಬರ ತಲೆಯಲ್ಲಿ ಹುಟ್ಟಿದರೂ ಅದು ನೆಲದ ಮೇಲೆ ನಿಲ್ಲುವುದು ಇನ್ನೊಬ್ಬರು ನಂಬಿ ಕೊಟ್ಟು, ವಾಪಸಾಗುವುದನ್ನು ಕಾಯಲು ಒಪ್ಪಿದಾಗ. ಹಾಗಾದರೆ ನಾವು ಕೇಳಬೇಕಾದ ನೈತಿಕ ಪ್ರಶ್ನೆ ಇದಲ್ಲವೇ? ಒಬ್ಬರ ಕನಸು ನನಸಾಗುವವರೆಗೆ ಯಾರು ಯಾರು ಕಾಯಬೇಕು? ಅವರನ್ನು ಎಷ್ಟು ಕಾಯಿಸಬಹುದು?

ಪೀಣ್ಯಕ್ಕೆ ಬರೋಣ. ಅದು ಆಕಾಶದಿಂದ ಉದುರಿದ ಊರಲ್ಲ. 1940ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ವಾಲ್‌ಚಂದ್ ಹೀರಾಚಂದ್ ಜೊತೆ ಕೈಜೋಡಿಸಿದ್ದರಿಂದ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು. ಸ್ವಾತಂತ್ರ್ಯದ ನಂತರ 1948ರಲ್ಲಿ ಐಟಿಐ, 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಮರುವರ್ಷ ಅದರ ಪಕ್ಕದಲ್ಲೇ ಬಿಇಎಲ್ ಬಂದವು. ಈ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಸಣ್ಣಪುಟ್ಟ ಬಿಡಿಭಾಗಗಳನ್ನು ಮಾಡಿಕೊಡುವವರು ಬೇಕಿತ್ತು. 1970ರ ದಶಕದಲ್ಲಿ ಸರ್ಕಾರವೇ ಜಾಗ ಗುರುತಿಸಿ ಶೆಡ್ಡುಗಳನ್ನು ಕಟ್ಟಿಸಿಕೊಟ್ಟದ್ದರಿಂದ ಪೀಣ್ಯ ಬೆಳೆಯಿತು. ಅಲ್ಲಿನ ಎಷ್ಟೋ ಮಾಲೀಕರು ಒಂದು ಕಾಲಕ್ಕೆ ಈ ಕಾರ್ಖಾನೆಗಳಲ್ಲಿ ಕೆಲಸ ಕಲಿತ ಟರ್ನರ್, ಫಿಟ್ಟರ್, ಟೂಲ್‌ರೂಂ ಕೆಲಸಗಾರರು. ಸಾರ್ವಜನಿಕರ ಹಣದಲ್ಲಿ ಕಲಿತ ಕಸುಬು, ಸಾರ್ವಜನಿಕರ ಹಣದಲ್ಲಿ ಎದ್ದ ಶೆಡ್ಡು. ಎಲೆಕ್ಟ್ರಾನಿಕ್ ಸಿಟಿಯ ಕತೆಯೂ ಹಾಗೆಯೇ. ಆರ್. ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಅದನ್ನು ಆರಂಭಿಸಿತು. ಯಾವ ಮಾಲೀಕನೂ ‘ನಾನೊಬ್ಬನೇ ಕಟ್ಟಿದೆ’ ಎನ್ನುವ ಮುನ್ನ ಕಾಲ ಕೆಳಗಿನ ಈ ನೆಲವನ್ನೊಮ್ಮೆ ನೋಡಿಕೊಳ್ಳಬೇಕು.

ಇನ್ನು ನಮ್ಮ ಮಾಮುವಿನ ಐಡಿಯಾ. ಪಂಪ್ ತಯಾರಿಸುವ ಕಂಪನಿಯೊಂದಕ್ಕೆ ಬೇಕಾಗಿದ್ದ ಒಂದು ಬುಷ್ಷನ್ನು ಬೇರೆಯವರಿಗಿಂತ ಕಡಿಮೆ ರಿಜೆಕ್ಷನ್ನಿನಲ್ಲಿ, ಕಡಿಮೆ ಬೆಲೆಗೆ ಮಾಡಿಕೊಡಬಹುದು ಎಂಬುದು. ಹೇಳಲು ಒಂದು ಸಾಲು, ಮಾಡಲು ಎರಡು ವರ್ಷ. ಶೆಡ್ಡಿಗೆ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್, ತ್ರೀ ಫೇಸ್ ವಿದ್ಯುತ್ ಸಂಪರ್ಕ, ಸೇಲ್ಸ್ ಟ್ಯಾಕ್ಸ್ ನೋಂದಣಿ, ಸಣ್ಣ ಕೈಗಾರಿಕೆಯ ಸರ್ಟಿಫಿಕೇಟ್. ನಿವೃತ್ತಿಯ ಹಣ ಯಂತ್ರಕ್ಕೇ ಮುಗಿಯಿತು. ಮುಮಾನಿಯ ಬಳೆಗಳು ಅಡವಿಗೆ ಹೋದವು. ಸ್ಯಾಂಪಲ್ ಪೀಸುಗಳನ್ನು ಹಿಡಿದು ಮಾಮು ಆ ಕಂಪನಿಯ ಗೇಟಿಗೆ ಎಷ್ಟು ಸಲ ಅಲೆದರೋ ಲೆಕ್ಕವಿಲ್ಲ. ಮೂರನೇ ಸಲದ ಸ್ಯಾಂಪಲ್ ಒಪ್ಪಿಗೆಯಾಗಿ ಪರ್ಚೇಸ್ ಆರ್ಡರ್ ಕೈಗೆ ಬಂದ ದಿನ ಮನೆಯಲ್ಲಿ ಖೀರು ಮಾಡಿದ್ದರು. ಕನಸು ನನಸಾಯಿತೆಂದು ನಾವೆಲ್ಲ ಅಂದುಕೊಂಡೆವು.

ನಿಜವಾದ ಪರೀಕ್ಷೆ ಶುರುವಾದದ್ದು ಆಮೇಲೆ. ಸಣ್ಣ ಉದ್ಯಮದ ಕಷ್ಟ ತಿಳಿಯಬೇಕಾದರೆ ಅದರ ಕ್ಯಾಲೆಂಡರನ್ನು ನೋಡಬೇಕು. ಕೂಲಿ ಶನಿವಾರ ಕೊಡಬೇಕು. ಬಾಡಿಗೆ ಐದನೇ ತಾರೀಖು. ಕರೆಂಟ್ ಬಿಲ್ ತಪ್ಪಿದರೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ಕಬ್ಬಿಣದ ಅಂಗಡಿಯವರು ನಂಬಿಕೆಯ ಮೇಲೆ ಮೂವತ್ತು ದಿನ ಉದ್ರಿ ಕೊಡುತ್ತಾರೆ. ಪಕ್ಕದ ಬೀದಿಯ ಗ್ರೈಂಡಿಂಗ್‌ನವರು, ಪ್ಲೇಟಿಂಗ್‌ನವರು ಕೂಡ ತಮ್ಮ ಹಣಕ್ಕೆ ಕಾಯುತ್ತಾರೆ. ಆದರೆ ಮಾಲು ತೆಗೆದುಕೊಂಡ ಕಂಪನಿಯಿಂದ ಹಣ ಬರುವುದು ತೊಂಬತ್ತು ದಿನಕ್ಕೆ, ಕೆಲವೊಮ್ಮೆ ನೂರಿಪ್ಪತ್ತು ದಿನಕ್ಕೆ. ಮಾಲು ಲಾರಿಗೆ ಹತ್ತಿದ ದಿನದಿಂದ ಚೆಕ್ಕು ಕೈಗೆ ಬರುವವರೆಗಿನ ಆ ಹಳ್ಳವನ್ನು ತುಂಬುವವರು ಯಾರು? ಐಡಿಯಾ ತುಂಬುವುದಿಲ್ಲ, ಧೈರ್ಯವೂ ತುಂಬುವುದಿಲ್ಲ. ತುಂಬುವುದು ಜನರ ತಾಳ್ಮೆ. ದೊಡ್ಡವರು ಸಣ್ಣವರನ್ನು ಕಾಯಿಸುತ್ತಾರೆ, ಸಣ್ಣವರು ತಮಗಿಂತ ಸಣ್ಣವರನ್ನು ಕಾಯಿಸುತ್ತಾರೆ. ಕೊನೆಗೆ ಎಲ್ಲರ ಕಾಯುವಿಕೆಯ ಭಾರ ಹೋಗಿ ನಿಲ್ಲುವುದು ಯಾರನ್ನೂ ಕಾಯಿಸಲಾರದವರ ಹೆಗಲ ಮೇಲೆ. ಅವರ ಮಕ್ಕಳ ಹಸಿವಂತೂ ತೊಂಬತ್ತು ದಿನ ಕಾಯುವುದಿಲ್ಲ.

ಮಾಮುವಿನ ಶೆಡ್ಡಿನಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗನಿದ್ದ. ಐಟಿಐ ಮುಗಿಸಿ ಬಂದವನು. ಆ ಬುಷ್ಷನ್ನು ಮೂರು ಸಲ ಬಿಚ್ಚಿ ಕಟ್ಟಿ ಮಾಡಬೇಕಿತ್ತು. ಪ್ರತಿ ಸಲ ಕಟ್ಟುವಾಗಲೂ ಅಳತೆ ತುಸು ಅತ್ತಿತ್ತ ಆಗುತ್ತಿತ್ತು. ಒಂದು ದಿನ ಆ ಹುಡುಗ ಗುಜರಿ ರಾಶಿಯಿಂದ ಒಂದು ತುಂಡು ತೆಗೆದು ತಾನೇ ಫಿಕ್ಸ್‌ಚರ್ ಒಂದನ್ನು ಮಾಡಿದ. ಒಂದೇ ಸಲ ಕಟ್ಟಿದರೆ ಮೂರೂ ಕೆಲಸ ಮುಗಿಯುತ್ತಿತ್ತು. ರಿಜೆಕ್ಷನ್ ಹೆಚ್ಚು ಕಡಿಮೆ ನಿಂತೇ ಹೋಯಿತು. ಮಾಮು ಖುಷಿಯಿಂದ ಅವನಿಗೆ ಹೊಸ ಷರ್ಟು ಪ್ಯಾಂಟು ಕೊಡಿಸಿದರು. ಮನೆಗೆ ಬಂದವರೆದುರು ಮಾತ್ರ ‘ನನ್ನ ಐಡಿಯಾ’ ಎಂದೇ ಹೇಳುತ್ತಿದ್ದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಶೆಡ್ಡು ತಮ್ಮದು, ಸಾಲ ತಮ್ಮದು, ನಿದ್ದೆ ಕೆಟ್ಟವರು ತಾವು, ಆದ್ದರಿಂದ ಶೆಡ್ಡಿನೊಳಗೆ ಹೊಳೆದದ್ದೆಲ್ಲ ತಮ್ಮದೇ ಎಂದು ಅವರು ನಿಜವಾಗಿಯೂ ನಂಬಿದ್ದರು. ಮಾಲೀಕರಾದವರಿಗೆ ಈ ನಂಬಿಕೆ ಎಷ್ಟು ಸಲೀಸಾಗಿ ಬಂದುಬಿಡುತ್ತದೆ ಎಂಬುದನ್ನು ಗಮನಿಸಬೇಕು.

2008ರ ಕೊನೆಯಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಅದರ ಏಟು ಪೀಣ್ಯದ ಗಲ್ಲಿಗಳಿಗೂ ಬಿತ್ತು. ಆರ್ಡರುಗಳು ನಿಂತವು. ಆ ಕಂಪನಿ ಏಳು ತಿಂಗಳ ಬಾಕಿ ಉಳಿಸಿಕೊಂಡಿತು. ಮಾಮು ಹೊಸ ಯಂತ್ರವೊಂದನ್ನು ಕಂತಿನಲ್ಲಿ ಕೊಂಡಿದ್ದರು. ಕಂತು ತಪ್ಪಿದರೆ ಯಂತ್ರ ಹೋಗುತ್ತದೆ, ಕೂಲಿ ತಡವಾದರೆ ಹುಡುಗರು ಹೇಗೋ ಸುಧಾರಿಸಿಕೊಳ್ಳುತ್ತಾರೆ ಎಂದು ಅವರು ಲೆಕ್ಕ ಹಾಕಿದರು. ಕಂತು ಕಟ್ಟಿದರು, ಕೂಲಿ ನಿಲ್ಲಿಸಿದರು. ಒಂದು ತಿಂಗಳಾಯಿತು, ಎರಡಾಯಿತು. ಫಿಕ್ಸ್‌ಚರ್ ಮಾಡಿದ್ದ ಹುಡುಗ ಯಾರಿಗೂ ಹೇಳದೆ ಕೆಲಸ ಬಿಟ್ಟ.

ಕೆಲವು ವಾರಗಳ ನಂತರ ಅವನು ನಮ್ಮ ಮನೆ ಹುಡುಕಿಕೊಂಡು ಬಂದ. ‘ಅಣ್ಣಾ, ನೀವು ಪತ್ರ ಬರೀತೀರಂತಲ್ಲ. ನನಗೂ ಒಂದು ಬರ‍್ಕೊಡ್ರಿ’ ಅಂದ. ಯಾರಿಗೆ ಎಂದು ಕೇಳಿದೆವು. ‘ಸಾಹೇಬ್ರಿಗೆ’ ಅಂದ. ಎದುರು ನಿಂತು ಕೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ನಾವು ಕನ್ನಡದಲ್ಲಿ ಬರೆದೆವು. ಬರೆಯುತ್ತ ಹೋದಂತೆ ಕೈ ತನಗೆ ರೂಢಿಯಾಗಿದ್ದ ಸಾಲುಗಳನ್ನೇ ಬರೆಯಿತು. ತಮ್ಮ ಅಮೂಲ್ಯ ಸಮಯ, ಕ್ಷಮೆ ಇರಲಿ, ದಯಮಾಡಿ, ಸವಿನಯ ಪ್ರಾರ್ಥನೆ. ಮಾಮು ಕಂಪನಿಗೆ ಕಳಿಸುತ್ತಿದ್ದ ಪತ್ರವೇ ಈಗ ಮಾಮುವಿನ ವಿಳಾಸಕ್ಕೆ ಹೊರಟಿತ್ತು. ಮೊತ್ತ ಮತ್ತು ಹೆಸರು ಮಾತ್ರ ಬೇರೆ.

ಮರುದಿನ ಸಂಜೆ ಮಾಮು ನಮ್ಮನ್ನು ಕರೆಸಿದರು. ಕನ್ನಡವನ್ನು ಅವರು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಪತ್ರ ಕೈಯಲ್ಲಿತ್ತು. ನಮ್ಮ ಕೈಬರಹ ಅವರಿಗೆ ಗೊತ್ತಾಗದೇ ಇರುತ್ತದೆಯೇ? ಬೈಯುತ್ತಾರೆ ಎಂದುಕೊಂಡೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಬೇಟಾ, ಇದರಲ್ಲಿ ಅವನ ಕಡೆಯಿಂದ ಮಾಫಿ ಯಾಕೆ ಬರೆದೆ? ಅವನು ಕೇಳ್ತಿರೋದು ಅವನ ದುಡ್ಡು ತಾನೇ?’ ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಆ ವಾರ ಅವರು ತಾವು ಹಾಕುತ್ತಿದ್ದ ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿ, ಎಲ್ಲ ಹುಡುಗರ ಬಾಕಿ ತೀರಿಸಿದರು. ಆ ಹುಡುಗನ ಹಣವನ್ನು ಅವನ ರೂಮಿಗೇ ಹೋಗಿ ಕೊಟ್ಟು ಬಂದರು. ಅವನು ವಾಪಸು ಕೆಲಸಕ್ಕೆ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ತನಗಿಲ್ಲ ಎಂದು ಮಾಮು ಕೇಳಲೂ ಇಲ್ಲ. ಕಂತು ತಪ್ಪಿ ಹೊಸ ಯಂತ್ರ ಹೋಯಿತು. ಹಳೆಯ ಲೇತಿನ ಮೇಲೆ ಇನ್ನೂ ಹಲವು ವರ್ಷ ಕೆಲಸ ಮಾಡಿದರು.

ಆಗ ನಾವು ಅವರಿಗೊಂದು ಕಾನೂನಿನ ವಿಷಯ ತಿಳಿಸಿದ್ದೆವು. 2006ರಲ್ಲಿ ಬಂದ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದಿಂದ ಮಾಲು ಪಡೆದವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಮು ನಕ್ಕರು. ‘ಕೇಸು ಹಾಕಿದರೆ ಹಳೇ ದುಡ್ಡು ಬರುತ್ತೆ ಬೇಟಾ, ಹೊಸ ಆರ್ಡರ್ ಬರಲ್ಲ’ ಎಂದರು. ಆಮೇಲೆ 2017ರಲ್ಲಿ ದೂರು ಕೊಡಲು ಸಮಾಧಾನ್ ಎಂಬ ಆನ್‌ಲೈನ್ ವ್ಯವಸ್ಥೆ ಬಂತು. ಸಣ್ಣವರಿಗೆ ಕಾಲಮಿತಿಯೊಳಗೆ ಹಣ ಕೊಡದಿದ್ದರೆ ಅದನ್ನು ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ ಎಂಬ ನಿಯಮ 2023ರ ಹಣಕಾಸು ಕಾಯ್ದೆಯಲ್ಲಿ ಬಂತು. ಅದಕ್ಕೂ ಮೊದಲು ಹೆದರಿದವರು ಸಣ್ಣವರೇ. ಈ ನಿಯಮದಿಂದ ತಪ್ಪಿಸಿಕೊಳ್ಳಲು ದೊಡ್ಡವರು ಆರ್ಡರನ್ನೇ ಬೇರೆಯವರಿಗೆ ಕೊಟ್ಟರೆ ಏನು ಗತಿ ಎಂಬ ಚಿಂತೆ ಅವರದು. ಕಾನೂನು ಬೇಕು, ಖಂಡಿತ ಬೇಕು. ಆದರೆ ತನ್ನ ಹಕ್ಕನ್ನು ಕೇಳಿದವನು ಅನ್ನ ಕಳೆದುಕೊಳ್ಳುತ್ತಾನೆ ಎಂಬ ಭಯ ಇರುವವರೆಗೆ ಅದು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಉಳಿದರ್ಧ ದಾರಿಯನ್ನು ನಡೆಯಬೇಕಾದದ್ದು ಹಣ ಕೊಡುವವರ ಆತ್ಮಸಾಕ್ಷಿ. ಕೂಲಿಯನ್ನು ತಡ ಮಾಡಬೇಡಿ ಎಂಬ ಪ್ರವಾದಿಯವರ ಬೋಧನೆಯನ್ನು ನಮ್ಮ ಸಭೆಗಳಲ್ಲಿ ಕೇಳದವರಿಲ್ಲ. ಕಾಯಕದ ಘನತೆಯನ್ನು ಸಾರಿದ ಶರಣರ ನೆಲವೂ ಇದೇ. ಆದರೂ ಪರ್ಚೇಸ್ ವಿಭಾಗದ ಮೇಜಿನ ಮೇಲೆ ಕಡತಗಳು ಸುಮ್ಮನೆ ಮಲಗಿರುತ್ತವೆ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದು ನಮ್ಮ ಸಮುದಾಯವನ್ನು ತೀರಾ ಸುಟ್ಟ ಮುಖ. ಬಡ್ಡಿಯ ಬಗ್ಗೆ ಅಳುಕಿರುವ ಮುಸ್ಲಿಂ ಕುಟುಂಬಗಳು ತಮ್ಮ ಉಳಿತಾಯವನ್ನು ಬ್ಯಾಂಕಿನಲ್ಲಿಡಲು ಹಿಂಜರಿಯುತ್ತವೆ. ಲಾಭದಲ್ಲಿ ಪಾಲು ಕೊಡುತ್ತೇವೆ, ಇದು ಹಲಾಲ್ ಎಂದು ಹೇಳಿ ಬೆಂಗಳೂರಿನ ಐಎಂಎ ಎಂಬ ಸಂಸ್ಥೆ ಇಂಥವರಿಂದ ಹಣ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಅದು ಕುಸಿದಾಗ ಹತ್ತಾರು ಸಾವಿರ ಜನ ಬೀದಿಗೆ ಬಂದರು. ಮಗಳ ಮದುವೆಗೆಂದು ಇಟ್ಟವರು, ನಿವೃತ್ತಿಯ ಹಣ ಹಾಕಿದವರು ದೂರು ಕೊಡಲು ಸಾಲುಗಟ್ಟಿ ನಿಂತದ್ದನ್ನು ನಾಡೇ ನೋಡಿದೆ. ಇಲ್ಲಿಯೂ ಕಾದವರು ಸಣ್ಣವರೇ. ವ್ಯತ್ಯಾಸ ಒಂದೇ. ಮಾಮುವಿನ ಶೆಡ್ಡಿನಲ್ಲಿ ಕಾಯುವಿಕೆಯ ಆಚೆ ಒಂದು ಬುಷ್ ಇತ್ತು, ಕೈಯಲ್ಲಿ ಹಿಡಿದು ಅಳೆಯಬಹುದಾದ ವಸ್ತು. ಇಲ್ಲಿ ಜನರ ನಂಬಿಕೆಯೇ ಮಾಲು, ಅದೇ ಲಾಭ. ಆದ್ದರಿಂದ ಯಾರೇ ಐಡಿಯಾ ಹೇಳಿ ಹಣ ಕೇಳಿದರೂ, ಅವರ ಗಡ್ಡವನ್ನೋ ಟೈಯನ್ನೋ ನೋಡುವ ಬದಲು ನಾವು ಕೇಳಬೇಕಾದ್ದು ಎರಡು ಪ್ರಶ್ನೆ: ನೀವು ಮಾಡುತ್ತಿರುವುದು ಏನು? ನಷ್ಟವಾದರೆ ಯಾರ ಪಾಲಿಗೆ?

ಈ ಎರಡನೇ ಪ್ರಶ್ನೆ ಹಳೆಯದು. ಇಸ್ಲಾಮೀ ವ್ಯಾಪಾರ ನೀತಿಯಲ್ಲಿ ಮುದಾರಬಾ ಎಂಬ ಪದ್ಧತಿ ಇದೆ. ಒಬ್ಬರು ಬಂಡವಾಳ ಹಾಕುತ್ತಾರೆ, ಇನ್ನೊಬ್ಬರು ದುಡಿಮೆ ಹಾಕುತ್ತಾರೆ. ಲಾಭವನ್ನು ಮೊದಲೇ ಒಪ್ಪಿದಂತೆ ಹಂಚಿಕೊಳ್ಳುತ್ತಾರೆ. ದುಡಿದವರ ಮೋಸ, ಬೇಜವಾಬ್ದಾರಿ ಇಲ್ಲದೆ ನಷ್ಟವಾದರೆ ಹಣದ ನಷ್ಟ ಹಣ ಹಾಕಿದವರದು, ಶ್ರಮದ ನಷ್ಟ ದುಡಿದವರದು. ಇದು ಎಲ್ಲ ಕಾಲಕ್ಕೂ ಸಿದ್ಧ ಔಷಧಿ ಎಂದು ನಾವು ಹೇಳುತ್ತಿಲ್ಲ. ಐಎಂಎ ಕೂಡ ಇಂಥ ಮಾತುಗಳನ್ನೇ ಆಡಿತ್ತು. ಆದರೆ ಅದರ ಒಳಗಿನ ವಿವೇಕ ಗಮನಾರ್ಹ: ಯಾರು ಕಾಯಬೇಕು, ಎಷ್ಟು ಕಳೆದುಕೊಳ್ಳಬಹುದು ಎಂಬುದು ಆರಂಭದಲ್ಲೇ ಬಾಯಿಬಿಟ್ಟು ತೀರ್ಮಾನವಾಗಬೇಕು. ನಮ್ಮ ಹೆಂಗಸರ ಚೀಟಿಯಲ್ಲೂ ಇರುವುದು ಇದೇ ವಿವೇಕ. ಅಲ್ಲಿ ಎಲ್ಲರೂ ಕಾಯುತ್ತಾರೆ, ಆದರೆ ಸರದಿಯಂತೆ. ಇಂದು ನಿನಗಾಗಿ ನಾನು, ನಾಳೆ ನನಗಾಗಿ ನೀನು. ಪೀಣ್ಯದಲ್ಲಿ ನಾವು ಕಂಡ ಅನ್ಯಾಯವೆಂದರೆ ಅಲ್ಲಿ ಸರದಿಯೇ ಇಲ್ಲ. ಕಾಯುವವರು ಯಾವಾಗಲೂ ಅವರೇ.

ಪೀಣ್ಯ ಮಾತ್ರವಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಚೇರಿಗಳು ಮನೆಗಳಿಗೆ ಹೋದವು. ಕಂಪ್ಯೂಟರಿನ ಕೆಲಸ ನಿಲ್ಲಲಿಲ್ಲ. ಆದರೆ ಆ ಕಚೇರಿಗಳನ್ನು ನಂಬಿ ಕಾರು ಸಾಲದಲ್ಲಿ ಕೊಂಡಿದ್ದ ಕ್ಯಾಬ್ ಮಾಲೀಕರು, ಟಿಫಿನ್ ಕಳಿಸುತ್ತಿದ್ದ ಹೆಂಗಸರು, ಪಿಜಿ ನಡೆಸುತ್ತಿದ್ದವರು, ಗೇಟಿನ ಮುಂದೆ ಟೀ ಮಾರುತ್ತಿದ್ದವರು? ಅವರದೂ ಐಡಿಯಾಗಳೇ ಅಲ್ಲವೇ? ಉತ್ತರ ಕರ್ನಾಟಕದಿಂದ ಬಂದ ಹುಡುಗರಿಗೆ ಜೋಳದ ರೊಟ್ಟಿ ಸಿಗುವುದಿಲ್ಲ ಎಂಬುದನ್ನು ಗಮನಿಸಿ ಖಾನಾವಳಿ ತೆರೆದ ಹೆಣ್ಣುಮಗಳ ಬುದ್ಧಿ, ಸಾಫ್ಟ್‌ವೇರ್ ಬರೆದವರ ಬುದ್ಧಿಗಿಂತ ಯಾವ ರೀತಿಯಲ್ಲಿ ಕಡಿಮೆ? ಅವರ ಕನಸುಗಳನ್ನು ಯಾವ ಪತ್ರಿಕೆಯೂ ಸ್ಟಾರ್ಟಪ್ ಎಂದು ಕರೆಯಲಿಲ್ಲ.

ಇಷ್ಟೆಲ್ಲ ಹೇಳಿದ್ದು ಸಣ್ಣ ಮಾಲೀಕರನ್ನು ಹಳಿಯಲು ಅಲ್ಲ. ಅವರ ಮನೆಯ ಖೀರು ನಾವು ತಿಂದಿದ್ದೇವೆ, ಅವರು ನಿದ್ದೆಗೆಟ್ಟ ರಾತ್ರಿಗಳನ್ನು ನೋಡಿದ್ದೇವೆ. ಐಡಿಯಾವನ್ನು ನಿಜ ಮಾಡುವುದು ದೊಡ್ಡ ಕೆಲಸ, ಅದರಿಂದ ನಾಲ್ಕು ಮನೆಗಳ ಒಲೆ ಉರಿಯುತ್ತದೆ. ನಮಗೆ ಅನ್ನಿಸುವುದು ಇಷ್ಟೇ. ಉರ್ದುವಿನಲ್ಲಿ ಅಮಾನತ್ ಎಂಬ ಮಾತಿದೆ. ಇನ್ನೊಬ್ಬರು ನಂಬಿ ನಮ್ಮ ಬಳಿ ಇಟ್ಟದ್ದು, ಕೇಳಿದಾಗ ಹಾಗೆಯೇ ಮರಳಿಸಬೇಕಾದದ್ದು. ಶೆಡ್ಡೊಂದು ನಡೆಯುತ್ತಿದೆ ಎಂದರೆ ಅದರೊಳಗೆ ಹೆಂಡತಿಯ ಬಳೆ, ಕಬ್ಬಿಣದ ಅಂಗಡಿಯವರ ಉದ್ರಿ, ಹುಡುಗರ ಶನಿವಾರ, ಎಲ್ಲವೂ ಅಮಾನತ್ತಾಗಿ ಕೂತಿವೆ ಎಂದರ್ಥ. ಕನಸು ನನಸಾಗುವುದು ಮೊದಲ ಆರ್ಡರ್ ಬಂದ ದಿನವಲ್ಲ. ಕಾದವರೆಲ್ಲರಿಗೂ ಅವರವರದು ತಲುಪಿದ ದಿನ ಅದು ನನಸಾಗುತ್ತದೆ. ಅಲ್ಲಿಯವರೆಗೆ ಅದು ಇತರರ ಖರ್ಚಿನಲ್ಲಿ ಕಾಣುತ್ತಿರುವ ಕನಸು.

ಆ ಪತ್ರ ಬಂದ ಮೇಲೆ ಮಾಮು ತಮ್ಮ ಶೆಡ್ಡಿನಲ್ಲಿ ಒಂದು ನಿಯಮ ಮಾಡಿಕೊಂಡರು. ಯಾವ ಹಣ ಬಂದರೂ ಮೊದಲು ಹುಡುಗರಿಗೆ, ಆಮೇಲೆ ಅಂಗಡಿಯವರಿಗೆ, ಆಮೇಲೆ ಕಂತಿಗೆ, ಉಳಿದರೆ ಮನೆಗೆ. ಇದರಿಂದ ಅವರು ಶ್ರೀಮಂತರಾಗಲಿಲ್ಲ. ಶೆಡ್ಡು ಕೊನೆಯವರೆಗೂ ಬಾಡಿಗೆಯದೇ ಆಗಿತ್ತು. ಆದರೆ ಅಂಗಡಿ ಮುಚ್ಚಿದ ದಿನ ಅವರು ಯಾರಿಗೂ ಒಂದು ರೂಪಾಯಿ ಕೊಡುವುದಿರಲಿಲ್ಲ. ಅವರಿಗೆ ಬರಬೇಕಾದದ್ದು ಮಾತ್ರ ಎಷ್ಟೋ ಇತ್ತು. ಫಿಕ್ಸ್‌ಚರ್ ಯಾರದು ಎಂದು ಯಾರಾದರೂ ಕೇಳಿದರೆ, ‘ನಮ್ಮ ರಾಯಚೂರು ಹುಡುಗನದು’ ಎನ್ನುತ್ತಿದ್ದರು.

ನಾವೂ ಒಂದು ಪಾಠ ಕಲಿತೆವು. ಅಂದಿನಿಂದ ಯಾರ ಪರವಾಗಿ ಬಾಕಿ ಕೇಳುವ ಪತ್ರ ಬರೆದರೂ ಅದರಲ್ಲಿ ಕ್ಷಮೆ ಕೋರುವ ಸಾಲು ಹಾಕುವುದಿಲ್ಲ. ಓದುಗರಲ್ಲಿ ನಮ್ಮದು ಒಂದೇ ವಿನಂತಿ. ಬಟ್ಟೆ ಹೊಲಿದುಕೊಟ್ಟ ದರ್ಜಿ, ಟಿಫಿನ್ ಕಳಿಸುವ ಆಪಾ, ಮನೆಗೆ ಬಣ್ಣ ಬಳಿದ ಹುಡುಗ, ಇವರಲ್ಲಿ ಯಾರಾದರೂ ಇವತ್ತು ನಮಗಾಗಿ ಕಾಯುತ್ತಿದ್ದಾರೆಯೇ? ಇದ್ದರೆ ನಾಳೆಯವರೆಗೆ ಕಾಯಿಸುವುದು ಬೇಡ.